ತಿಂಗಳಿಗೊಂದು ಪುಸ್ತಕ: ಧರ್ಮಕೇಂದ್ರದ ಓದು ಬಳಗಕ್ಕೆ ಪುಸ್ತಕ ಆರಿಸುವ ಬಗೆ

ನಮ್ಮ ಕಥೋಲಿಕ ಧರ್ಮಕೇಂದ್ರದ (ಪ್ಯಾರಿಷ್) ಓದು ಬಳಗ ಸೇರುವುದು ದಾವಣಗೆರೆಯಲ್ಲಿ, ಪ್ರತಿ ತಿಂಗಳ ಎರಡನೇ ಭಾನುವಾರ. ಬೆಳಗಿನ ಪೂಜೆ ಮುಗಿದ ಮೇಲೆ ದೇವಾಲಯದ, ಅಂದರೆ ಚರ್ಚಿನ, ಪಕ್ಕದ ಧರ್ಮೋಪದೇಶದ ಕೋಣೆಯಲ್ಲಿ ಕೂರುತ್ತೇವೆ. ಹನ್ನೆರಡು ಹದಿಮೂರು ಜನ. ಕೆಲವರ ಮನೆಮಾತು ಕೊಂಕಣಿ, ಕೆಲವರದು ತಮಿಳು, ಒಂದೆರಡು ಮನೆಯವರದು ತೆಲುಗು. ಕೂತು ಮಾತಾಡುವಾಗ ಎಲ್ಲರದ್ದೂ ಕನ್ನಡ.

ಮೊದಲ ತಿಂಗಳು ನಾವು ಆರಿಸಿದ್ದು ಸಂತ ಅಗಸ್ಟೀನರ ಆತ್ಮಕಥೆ, ಇಂಗ್ಲಿಷಿನಲ್ಲಿ. ದೊಡ್ಡ ಗ್ರಂಥ, 13 ಭಾಗಗಳು. ಮುಗಿಸಿ ಬಂದವರು ಮೂರು ಜನ. ಉಳಿದವರು ತಲೆ ತಗ್ಗಿಸಿ ಕೂತಿದ್ದರು. ಮುಂದಿನ ತಿಂಗಳು ಇಬ್ಬರು ಬರಲೇ ಇಲ್ಲ. ಅವರಲ್ಲಿ ಒಬ್ಬರು ಗೇಟಿನ ಹತ್ತಿರ ಸಿಕ್ಕಾಗ ಮೆಲ್ಲಗೆ ಹೇಳಿದರು: "ಓದಾಕ ಆಗ್ಲಿಲ್ಲ ಮಿಸ್. ನಾಚ್ಕೆ ಆತು. ಅದ್ಕೇ ಬರ್ಲಿಲ್ಲ."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಪುಸ್ತಕ ಓದಿ ಮುಗಿಸಲಿಲ್ಲ ಅಂತ ಒಬ್ಬರು ದೇವಾಲಯದ ಕೋಣೆಗೆ ಬರಲು ನಾಚಿಕೊಂಡರೆ ತಪ್ಪು ಅವರದಲ್ಲ, ಆರಿಸಿದವರದು. ಅಲ್ಲಿಂದ ನಾವು ಆಯ್ಕೆಯ ಕ್ರಮವನ್ನೇ ಬದಲಿಸಿದೆವು. ನಿಮ್ಮ ಧರ್ಮಕೇಂದ್ರದಲ್ಲೂ ಇಂಥ ಬಳಗ ಶುರು ಮಾಡುವ ಆಸೆ ಇದ್ದರೆ, ನಮಗೆ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಜನ, ಆಮೇಲೆ ಪುಸ್ತಕ

ಪುಸ್ತಕದ ಪಟ್ಟಿಗೆ ಕೈ ಹಾಕುವ ಮೊದಲು ಎಲ್ಲರಿಗೂ ಒಂದು ಚೀಟಿ ಕೊಡಿ. ಹೆಸರು ಬರೆಯುವುದು ಬೇಡ. ನಾಲ್ಕೇ ಪ್ರಶ್ನೆ. ಯಾವ ಭಾಷೆಯಲ್ಲಿ ಸರಾಗವಾಗಿ ಓದುತ್ತೀರಿ? ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಅಕ್ಷರ ದಪ್ಪ ಇರಬೇಕಾ? ಕೊನೆಯ ಸಲ ಪೂರ್ತಿ ಓದಿ ಮುಗಿಸಿದ ಪುಸ್ತಕ ಯಾವುದು?

ಕೊನೆಯ ಪ್ರಶ್ನೆಯೇ ಜಾಸ್ತಿ ಕೆಲಸಕ್ಕೆ ಬರುವುದು. ನಮ್ಮಲ್ಲಿ ಮೂರು ಚೀಟಿಯಲ್ಲಿ ತ.ರಾ.ಸು. ಹೆಸರಿತ್ತು. ಒಬ್ಬರಂತೂ 'ದುರ್ಗಾಸ್ತಮಾನ' ಎರಡು ಸಲ ಓದಿದ್ದರು. ಅದೇನು ಸಣ್ಣ ಪುಸ್ತಕವಾ? 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಭಾರೀ ಕಾದಂಬರಿ. ಅಗಸ್ಟೀನರನ್ನು ಮೂವತ್ತು ಪುಟಕ್ಕೇ ಕೆಳಗಿಟ್ಟವರು ಮದಕರಿ ನಾಯಕನ ಕಥೆಯನ್ನು ಎರಡು ಸಲ ಮುಗಿಸಿದ್ದರು. ನಮ್ಮ ಜನ ದಪ್ಪ ಪುಸ್ತಕ ಓದುವುದಿಲ್ಲ ಎನ್ನುವುದು ಸುಳ್ಳು ಅಂತ ಅವತ್ತೇ ಗೊತ್ತಾಯಿತು. ಕಥೆ ಎಳೆದುಕೊಂಡು ಹೋದರೆ ಓದುತ್ತಾರೆ. ತಮ್ಮ ಭಾಷೆಯಲ್ಲಿದ್ದರೆ ಓದುತ್ತಾರೆ.

ಆಮೇಲೆ ಒಂದು ಲೆಕ್ಕ ಹಾಕಿ. ಬಳಗದಲ್ಲಿ ತೀರಾ ನಿಧಾನ ಓದುವವರು ದಿನಕ್ಕೆ ಐದು ಪುಟ ಓದುತ್ತಾರೆ ಅಂದುಕೊಳ್ಳಿ. ತಿಂಗಳಲ್ಲಿ ಐದು ದಿನ ಮದುವೆ, ಜ್ವರ, ನೆಂಟರು ಅಂತ ಹೋಗುತ್ತದೆ. ಉಳಿದ 25 ದಿನಕ್ಕೆ 125 ಪುಟ. ಅದೇ ನಿಮ್ಮ ಮಿತಿ. ಅದಕ್ಕಿಂತ ದೊಡ್ಡ ಪುಸ್ತಕ ಬೇಕೆನಿಸಿದರೆ ಎರಡು ತಿಂಗಳಿಗೆ ಹಂಚಿ, ಅಥವಾ ಒಂದು ಭಾಗ ಮಾತ್ರ ಓದಿ. ವೇಗವಾಗಿ ಓದುವವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರು ಹೇಗಿದ್ದರೂ ಇನ್ನೊಂದು ಪುಸ್ತಕ ಹಿಡಿಯುತ್ತಾರೆ. ಹಿಂದೆ ಬಿದ್ದವರು ಮಾತ್ರ ಬಳಗವನ್ನೇ ಬಿಟ್ಟುಬಿಡುತ್ತಾರೆ.

ಕಥೋಲಿಕ ಪುಸ್ತಕ ಅಂದ್ರೆ ಯಾವುದು?

ಈ ಪ್ರಶ್ನೆ ಮೊದಲ ಸಭೆಯಲ್ಲೇ ಬರುತ್ತದೆ. ಬರಲಿ. ಸುಮ್ನೆ ತಳ್ಳಿ ಹಾಕಬೇಡಿ.

ಹಳೆಯ ಧಾರ್ಮಿಕ ಪುಸ್ತಕಗಳ ಮೊದಲ ಪುಟಗಳಲ್ಲಿ ಎರಡು ಲ್ಯಾಟಿನ್ ಮಾತು ಕಾಣುತ್ತವೆ. 'ನಿಹಿಲ್ ಒಬ್‌ಸ್ಟಾಟ್' ಅಂದರೆ ಅಡ್ಡಿಯೇನಿಲ್ಲ. 'ಇಂಪ್ರಿಮಾಟುರ್' ಅಂದರೆ ಅಚ್ಚು ಹಾಕಬಹುದು. ಮೊದಲನೆಯದು ಪುಸ್ತಕ ಪರಿಶೀಲಿಸಿದವರದು, ಎರಡನೆಯದು ಧರ್ಮಾಧ್ಯಕ್ಷರದು, ಅಂದರೆ ಬಿಷಪ್ಪರದು. ವಿಶ್ವಾಸಕ್ಕೆ ವಿರುದ್ಧವಾದದ್ದು ಇದರಲ್ಲಿಲ್ಲ ಎಂಬುದಷ್ಟೇ ಇವುಗಳ ಅರ್ಥ. ಪುಸ್ತಕ ಚೆನ್ನಾಗಿದೆ ಎಂಬ ಸರ್ಟಿಫಿಕೇಟ್ ಅಲ್ಲ. ಬೈಬಲ್, ಧರ್ಮೋಪದೇಶದ ಪುಸ್ತಕ, ಪ್ರಾರ್ಥನೆ ಪುಸ್ತಕ ಕೊಳ್ಳುವಾಗ ಈ ಅನುಮತಿ ಇದೆಯಾ ಅಂತ ನೋಡಿ. ಇಂಥ ಪ್ರಾರ್ಥನೆಯನ್ನು ಇಷ್ಟು ದಿನ ಹೇಳಿ ಇಷ್ಟು ಪ್ರತಿ ಹಂಚಿದರೆ ಇಂಥದ್ದು ಸಿಗುತ್ತದೆ ಎಂದು ಭರವಸೆ ಕೊಡುವ ಕಿರುಪುಸ್ತಕಗಳು ಬರುತ್ತಿರುತ್ತವೆ. ಅವುಗಳನ್ನು ಫಾದರ್‌ಗೆ ತೋರಿಸದೆ ಬಳಗಕ್ಕೆ ತರಬೇಡಿ.

ಕಥೆ ಕಾದಂಬರಿಗೆ ಇಂಥ ಮುದ್ರೆ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಓದಬಾರದ ಪುಸ್ತಕಗಳ ಪಟ್ಟಿಯೊಂದು ಧರ್ಮಸಭೆಯಲ್ಲಿ (ಕಥೋಲಿಕ ಚರ್ಚಿನಲ್ಲಿ) ನೂರಾರು ವರ್ಷ ಇತ್ತು ನಿಜ. ಅದು 1966ರಲ್ಲೇ ರದ್ದಾಯಿತು. ಪೋಪ್ ಫ್ರಾನ್ಸಿಸ್ 2024ರ ಜುಲೈ 17ರಂದು ಸಾಹಿತ್ಯದ ಓದಿನ ಬಗ್ಗೆಯೇ ಒಂದು ಪತ್ರ ಬರೆದರು. ಮೊದಲು ಗುರುಗಳ (ಪಾದ್ರಿಗಳ) ತರಬೇತಿಗೆಂದು ಯೋಚಿಸಿದ್ದನ್ನು ಆಮೇಲೆ ಎಲ್ಲ ಕ್ರೈಸ್ತರಿಗೂ ಅನ್ವಯಿಸಿದರು. ಅದರಲ್ಲಿ ಅವರು ತಮ್ಮ ಮೇಷ್ಟರಗಿರಿಯ ಒಂದು ಪ್ರಸಂಗ ಹೇಳಿಕೊಂಡಿದ್ದಾರೆ. 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆಯ ಜೆಸ್ವಿತರ ಶಾಲೆಯಲ್ಲಿ ಅವರು ಸಾಹಿತ್ಯ ಪಾಠ ಮಾಡುತ್ತಿದ್ದರು. ಸಿಲಬಸ್ಸಿನಲ್ಲಿ ಇದ್ದದ್ದು ಸ್ಪೇನಿನ ಹಳೆಯ ವೀರಕಾವ್ಯ. ಹುಡುಗರಿಗೆ ಬೇಕಿದ್ದದ್ದು ಸ್ಪೇನಿನ ಹೊಸಕಾಲದ ಕವಿ ಲೋರ್ಕಾ. ವೀರಕಾವ್ಯ ಮನೆಯಲ್ಲಿ ಓದಿಕೊಳ್ಳಿ ಅಂತ ಬಿಟ್ಟು, ಹುಡುಗರಿಗೆ ಇಷ್ಟವಾದ ಲೇಖಕರನ್ನೇ ಕ್ಲಾಸಿನಲ್ಲಿ ಚರ್ಚಿಸಿದರಂತೆ. ಕರ್ತವ್ಯ ಅಂತ ಓದಿಸಿದರೆ ಓದಿನ ಆಸೆಯೇ ಸಾಯುತ್ತದೆ ಎಂಬುದು ಅವರ ಅನುಭವ. ಮುಂದೆ ಪೋಪ್ ಆದವರು ಮೇಷ್ಟರಾಗಿದ್ದಾಗ ಅಷ್ಟು ಬಿಟ್ಟುಕೊಟ್ಟರೆ ನಾವೂ ಬಿಟ್ಟುಕೊಡಬಹುದು, ಅಲ್ವಾ?

ನಾವು ಇಟ್ಟುಕೊಂಡ ಅಳತೆ ಸರಳ. ಬರೆದವರು ಕಥೋಲಿಕರೇ ಆಗಿರಬೇಕು ಅಂತೇನಿಲ್ಲ. ದೇವರು, ಪಾಪ, ಕ್ಷಮೆ, ಬಡವರು, ಸಾವು ಇವುಗಳಲ್ಲಿ ಒಂದನ್ನಾದರೂ ಪುಸ್ತಕ ಪ್ರಾಮಾಣಿಕವಾಗಿ ಮುಟ್ಟಬೇಕು. ಮುಟ್ಟಿದ ಮೇಲೆ ನಮ್ಮ ಮನೆಯ ಮಾತು ಹೊರಗೆ ಬರಬೇಕು. ಎಲ್ಲರೂ "ಚೆನ್ನಾಗಿದೆ, ಚೆನ್ನಾಗಿದೆ" ಎಂದು ತಲೆಯಾಡಿಸಿ ಟೀ ಕುಡಿದು ಏಳುವಂಥ ಪುಸ್ತಕ ಎಷ್ಟೇ ಪವಿತ್ರವಾಗಿದ್ದರೂ ಬಳಗಕ್ಕೆ ಸರಿಹೋಗುವುದಿಲ್ಲ. ಅದನ್ನು ಒಬ್ಬರೇ ಮನೆಯಲ್ಲಿ ಓದಿಕೊಳ್ಳಬಹುದು.

ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಡಿ

ಒಂದು ದೈವಾರಾಧನಾ ವರ್ಷದ್ದು, ಇನ್ನೊಂದು ಊರಿನದು. ವರ್ಷದ ಹನ್ನೆರಡು ಪುಸ್ತಕಗಳನ್ನು ಒಂದೇ ಸಲ ತೀರ್ಮಾನಿಸಬೇಡಿ. ಆದರೆ ಯಾವ ತಿಂಗಳು ಯಾವ ಬಗೆಯದು ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಶುರು ಮಾಡಲು ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲವೇ ಸರಿಯಾದ ಹೊತ್ತು, ಧರ್ಮಸಭೆಯ ವರ್ಷ ಶುರುವಾಗುವುದೂ ಆಗಲೇ.

ಭಾನುವಾರ ಪೂಜೆಯಲ್ಲಿ ಓದುವ ಶುಭಸಂದೇಶಗಳು (ಬೈಬಲಿನಲ್ಲಿರುವ ಯೇಸುವಿನ ಚರಿತ್ರೆಗಳು) ಮೂರು ವರ್ಷದ ಸರದಿಯಲ್ಲಿ ಬರುತ್ತವೆ: ಮತ್ತಾಯ, ಮಾರ್ಕ, ಲೂಕ. 2025ರ ಆಗಮನ ಕಾಲದಿಂದ ಮತ್ತಾಯರ ವರ್ಷ ಶುರುವಾಗಿದೆ, ಮುಂದಿನದು ಮಾರ್ಕರದು. ಆ ವರ್ಷದ ಶುಭಸಂದೇಶವನ್ನೇ ಡಿಸೆಂಬರಿನ ಪುಸ್ತಕ ಮಾಡಿ. ವರ್ಷವಿಡೀ ಪೂಜೆಯಲ್ಲಿ ತುಣುಕು ತುಣುಕಾಗಿ ಕೇಳುವುದನ್ನು ಒಂದು ಸಲ ಇಡಿಯಾಗಿ ಓದಿದರೆ ಬೇರೆಯೇ ಅನಿಸುತ್ತದೆ. ಮಾರ್ಕರದು 16 ಅಧ್ಯಾಯ. ಜೋರಾಗಿ ಓದಿದರೆ ಸುಮಾರು ಎರಡು ಗಂಟೆಯಲ್ಲಿ ಮುಗಿಯುತ್ತದೆ. ಮಾರ್ಕರ ವರ್ಷ ಬಂದಾಗ ಮನೆಯಲ್ಲಿ ಓದಿ ಬನ್ನಿ ಅನ್ನುವುದೇ ಬೇಡ, ಎಲ್ಲರೂ ಕೂತು ಸರದಿಯಲ್ಲಿ ಓದಿ.

ಜನವರಿ 16 ಸಂತ ಜೋಸೆಫ್ ವಾಜರ ಹಬ್ಬ. ಗೋವಾದಲ್ಲಿ 1651ರಲ್ಲಿ ಹುಟ್ಟಿ, ಕೆನರಾದಲ್ಲಿ ಸೇವೆ ಮಾಡಿ, ಶ್ರೀಲಂಕಾಗೆ ಹೋದವರು. 2015ರಲ್ಲಿ ಸಂತರಾದರು. ಕರಾವಳಿಯಿಂದ ಬಂದ ಮನೆಗಳಿಗೆ ಇವರ ಚರಿತ್ರೆ ತುಂಬ ಹತ್ತಿರದ್ದು.

ಫೆಬ್ರವರಿ, ಮಾರ್ಚ್ ಕಷ್ಟದ ತಿಂಗಳು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂದಿರುತ್ತದೆ. ಮಕ್ಕಳಿಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಇಡೀ ದಾವಣಗೆರೆಯಲ್ಲಿ ಮನೆಮನೆಗೂ ನೆಂಟರು. ಇಂಥ ಹೊತ್ತಲ್ಲಿ ದೊಡ್ಡ ಪುಸ್ತಕ ಬೇಡ. ಯೋನನ ಗ್ರಂಥ ನಾಲ್ಕೇ ಅಧ್ಯಾಯ. ರೂತಳದ್ದೂ ನಾಲ್ಕೇ. ದೇವರು ಶತ್ರುವಿನ ಊರನ್ನು ಕ್ಷಮಿಸಿದ್ದಕ್ಕೆ ಮುನಿಸಿಕೊಂಡು ಬಿಸಿಲಲ್ಲಿ ಕೂತ ಯೋನನ ಬಗ್ಗೆ ಒಂದು ಗಂಟೆ ಮಾತಾಡಬಹುದು.

ಶುಭಶುಕ್ರವಾರದ ಹಿಂದಿನ ವಾರಕ್ಕೆ ನಾನು ಗೋವಿಂದ ಪೈಗಳ 'ಗೊಲ್ಗೊಥಾ' ಹೇಳುತ್ತೇನೆ. ಯೇಸುಸ್ವಾಮಿಯ ಕೊನೆಯ ದಿನದ ಮೇಲಿನ ಖಂಡಕಾವ್ಯ. ಬರೆದವರು ಕ್ರೈಸ್ತರಲ್ಲ, ಮಂಜೇಶ್ವರದ ರಾಷ್ಟ್ರಕವಿ. ಭಾಷೆ ಹಳೆಯದು, ಒಬ್ಬರೇ ಓದಿದರೆ ತೊಡಕು. ಊರಿನಲ್ಲಿ ನಿವೃತ್ತ ಕನ್ನಡ ಮೇಷ್ಟರು ಯಾರಾದರೂ ಇದ್ದೇ ಇರುತ್ತಾರೆ. ಅವರು ಯಾವ ಧರ್ಮದವರಾದರೂ ಸರಿ, ಕರೆದು ಓದಿಸಿ, ಅರ್ಥ ಹೇಳಿಸಿ. ನಮ್ಮ ಕೋಣೆಯಲ್ಲಿ ಅವತ್ತು ಇದ್ದ ಮೌನವನ್ನು ನಾನು ಮರೆಯಲಾರೆ.

ಮೇ ಮಾತೆ ಮರಿಯಳ ತಿಂಗಳು, ಜೂನ್ ಯೇಸುವಿನ ಪವಿತ್ರ ಹೃದಯದ್ದು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಭಕ್ತಿ ಪುಸ್ತಕಗಳು ಬೇಕಾದಷ್ಟು ಸಿಗುತ್ತವೆ.

ಜುಲೈ 31 ಸಂತ ಇಗ್ನೇಷಿಯಸ್ ಲೊಯೋಲಾರ ಹಬ್ಬ. ಹೊಸ ಬಳಗಕ್ಕೆ ಅವರ ಆತ್ಮಕಥೆಗಿಂತ ಒಳ್ಳೆಯ ಆರಂಭ ಸಿಗದು. 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದು ಮಲಗಿದ್ದರು. ಹೊತ್ತು ಕಳೆಯಲು ವೀರರ ಕಥೆಯ ಪುಸ್ತಕ ಬೇಕೆಂದರು. ಆ ಮನೆಯಲ್ಲಿ ಅದು ಇರಲಿಲ್ಲ. ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಬೇರೆ ಇಲ್ಲದ್ದಕ್ಕೆ ಅದನ್ನೇ ಓದಿದರು. ಮುಂದೆ ಅವರಿಂದಲೇ ಯೇಸುಸಭೆ, ಅಂದರೆ ಜೆಸ್ವಿತರ ಸಂಘ, ಹುಟ್ಟಿತು. ಪುಸ್ತಕ ಕೈಗೆ ಸಿಗುವುದೂ ದೇವರ ಕೆಲಸ ಎಂದು ನಂಬುವವಳು ನಾನು.

ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಓದು ಕಷ್ಟ. 8ನೇ ತಾರೀಕು ಹರಿಹರದ ಆರೋಗ್ಯಮಾತೆಯ ಹಬ್ಬ, ಅದಕ್ಕೆ ಮೊದಲು ಒಂಬತ್ತು ದಿನದ ಪ್ರಾರ್ಥನೆ, ನೊವೇನಾ. ನಮ್ಮ ಪಕ್ಕದ ಊರಿನ ಆ ದೇವಾಲಯ 2019ರಲ್ಲಿ ಬಸಿಲಿಕಾ ಆಯಿತು, ಅದು ಪೋಪ್ ಕೊಡುವ ವಿಶೇಷ ಗೌರವ. ಜನ ನಡೆದುಕೊಂಡು ಹೋಗುತ್ತಾರೆ. ಆ ತಿಂಗಳು ಪುಸ್ತಕ ಬೇಡ, ಒಂದು ಸಣ್ಣ ಕಥೆ ಸಾಕು. ಟಾಲ್‌ಸ್ಟಾಯ್‌ರ ಸಣ್ಣ ಕಥೆಗಳು ಕನ್ನಡದಲ್ಲಿ ಸಿಗುತ್ತವೆ. ಬಡ ಚಮ್ಮಾರನೊಬ್ಬ ಚಳಿಯಲ್ಲಿ ಬತ್ತಲೆ ಕೂತ ಅಪರಿಚಿತನನ್ನು ಮನೆಗೆ ಕರೆತರುವ ಕಥೆ ಇದೆಯಲ್ಲ, ಅದನ್ನು ಆರಿಸಿ. ಮನೆಯಲ್ಲಿ ಹೆಂಡತಿ ಸಿಡಿಮಿಡಿಗೊಳ್ಳುವ ಭಾಗ ಬಂದಾಗ ನಮ್ಮ ಹೆಂಗಸರೆಲ್ಲ ಅವಳ ಪಕ್ಷ.

ಅಕ್ಟೋಬರಿಗೆ ಇಬ್ಬರು ತೆರೇಸಾಗಳು. 1ನೇ ತಾರೀಕು ಲಿಸಿಯುವಿನ ಬಾಲಯೇಸುವಿನ ತೆರೇಸಾ, 15ಕ್ಕೆ ಆವಿಲಾದ ತೆರೇಸಾ. ಲಿಸಿಯುವಿನ ತೆರೇಸಾರ ಆತ್ಮಕಥೆ ಬಳಗಕ್ಕೆ ಸುಲಭ. 24ನೇ ವಯಸ್ಸಿಗೆ, 1897ರಲ್ಲಿ ತೀರಿಕೊಂಡವರು. ಪುಸ್ತಕ ಅಚ್ಚಾದದ್ದು ಮರುವರ್ಷ. ಅದರಲ್ಲಿ ಒಂದು ಪ್ರಸಂಗ: ಮಠದಲ್ಲಿ ಬಟ್ಟೆ ಒಗೆಯುವಾಗ ಎದುರಿನ ಸಿಸ್ಟರ್ ಕರವಸ್ತ್ರ ಕುಕ್ಕಿದಾಗಲೆಲ್ಲ ಕೊಳೆ ನೀರು ಇವರ ಮುಖಕ್ಕೆ ಹಾರುತ್ತದೆ. ಹಿಂದೆ ಸರಿದು ಮುಖ ಒರೆಸಿಕೊಳ್ಳಬೇಕು ಅನಿಸುತ್ತದೆ. ಸರಿಯುವುದಿಲ್ಲ. ನಲ್ಲಿ ಹತ್ತಿರ, ಕಲ್ಲಿನ ಮೇಲೆ ಬಟ್ಟೆ ಒಗೆದು ಗೊತ್ತಿರುವವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅದು ಸರಿಯಾ, ಸುಮ್ಮನೆ ಸಹಿಸಿಕೊಳ್ಳುವುದೇ ಪ್ರೀತಿಯಾ ಅಂತ ನಮ್ಮಲ್ಲಿ ದೊಡ್ಡ ವಾದವೇ ಆಯಿತು.

ಆವಿಲಾದ ತೆರೇಸಾರ 1577ರ ಗ್ರಂಥದಲ್ಲಿ ಆತ್ಮವೊಂದು ಕೋಟೆ, ಒಳಗೆ ಏಳು ನೆಲೆಗಳು. ದುರ್ಗದವರಿಗೆ ಏಳು ಸುತ್ತಿನ ಕೋಟೆ ಅಂದರೆ ಕಣ್ಣ ಮುಂದೆಯೇ ಇದೆ. ಚಿತ್ರದುರ್ಗದಲ್ಲಿ ಬಳಗ ಇದ್ದರೆ ಮೊದಲ ನೆಲೆಯ ಭಾಗವನ್ನು ಕೋಟೆ ಹತ್ತಿ ಕೂತು ಓದಿ. ಅದರ ಜೊತೆ ಅಕ್ಕಮಹಾದೇವಿಯ ನಾಲ್ಕೈದು ವಚನ ಇಟ್ಟುಕೊಳ್ಳಿ. ಇದಕ್ಕೆ ಹಿಂಜರಿಯಬೇಡಿ. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ.

ನವೆಂಬರ್ ಮೃತರ ತಿಂಗಳು. ಮೆಕ್ಕೆಜೋಳದ ಕೆಲಸವೂ ಮುಗಿಯುತ್ತಾ ಬಂದಿರುತ್ತದೆ, ಹಳ್ಳಿಯಿಂದ ಬರುವವರಿಗೂ ಬಿಡುವು. ಕಾದಂಬರಿಗೆ ಇದೇ ಹೊತ್ತು.

ಕಾದಂಬರಿ ಅಂದರೆ ನನಗೆ ಮೊದಲು ನೆನಪಾಗುವುದು ನಾ. ಡಿಸೋಜ. ಸಾಗರದವರು, ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದವರೇ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ). 2014ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು, 2025ರ ಜನವರಿಯಲ್ಲಿ ತೀರಿಕೊಂಡರು. 'ಇಗರ್ಜಿ ಸುತ್ತಲಿನ ಹತ್ತು ಮನೆಗಳು' ಅವರದೇ. ಕನ್ನಡದಲ್ಲಿ ನಮ್ಮಂಥ ಮನೆಗಳ ಬದುಕು ಇಷ್ಟು ಹತ್ತಿರದಿಂದ ಸಿಗುವುದು ಅಪರೂಪ. 'ದ್ವೀಪ' ಚಿಕ್ಕದು, ಶರಾವತಿ ಹಿನ್ನೀರು ಏರುತ್ತಾ ಬರುವಾಗ ಊರು ಬಿಡಲಾಗದ ಮನೆಯೊಂದರ ಕಥೆ. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದ್ದಾರೆ. ನಮ್ಮದು ಭದ್ರಾ ನಾಲೆಯ ಊರು. ನಮ್ಮ ಗದ್ದೆಗೆ ನೀರು ಬರಲು ಯಾರ ಮನೆ ಮುಳುಗಿತು ಅಂತ ನಾವು ಕೇಳಿಕೊಂಡವರೇ ಅಲ್ಲ. 'ದ್ವೀಪ' ಓದಿದ ದಿನ ಕೇಳಿಕೊಂಡೆವು.

ಅದರ ಬೆನ್ನಿಗೇ ಪೋಪ್ ಫ್ರಾನ್ಸಿಸರ 2015ರ 'ಲೌದಾತೊ ಸೀ' ಪತ್ರ ಓದಬಹುದು. ಪೂರ್ತಿ ಬೇಡ, 246 ಪ್ಯಾರಾಗಳಿವೆ. ನೀರಿನ ಬಗ್ಗೆ ಇರುವುದು 27ರಿಂದ 31ರವರೆಗೆ, ಐದೇ ಪ್ಯಾರಾ. ಚಿತ್ರದುರ್ಗದವರು ಇಷ್ಟನ್ನೇ ಒಂದು ತಿಂಗಳು ಓದಿದರೂ ಸಾಕು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ನೀರಿನ ಬೆಲೆ ಆ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ.

ಮೂರು ಪರೀಕ್ಷೆ

ಹೆಸರು ಸೂಚಿಸುವವರು ಪುಸ್ತಕವನ್ನು ತಾವೇ ಪೂರ್ತಿ ಓದಿರಬೇಕು. ಇದೊಂದು ನಿಯಮದಲ್ಲಿ ಸಡಿಲ ಬಿಡಬೇಡಿ. ಯಾರೋ ಹೇಳಿದರು, ವಾಟ್ಸಾಪಿನಲ್ಲಿ ಬಂತು ಅನ್ನುವುದು ಬೇಡ.

ಎರಡನೆಯದು ಜೋರು ಓದಿನ ಪರೀಕ್ಷೆ. ಆಯ್ಕೆಯ ದಿನ ಸೂಚಿಸಿದವರು ಪುಸ್ತಕದ ಮಧ್ಯದಿಂದ ಒಂದು ಪುಟ ಜೋರಾಗಿ ಓದಬೇಕು. ಮೊದಲ ಪುಟ ಅಲ್ಲ. ಮೊದಲ ಪುಟ ಎಲ್ಲ ಲೇಖಕರೂ ಚೆನ್ನಾಗಿ ಬರೆಯುತ್ತಾರೆ. ಕೇಳುವವರು ಅರ್ಧ ಪುಟಕ್ಕೇ ಕಿಟಕಿ ಕಡೆ ನೋಡತೊಡಗಿದರೆ ಪುಸ್ತಕ ಬಿದ್ದಂತೆ. ಅನುವಾದಗಳಿಗೆ ಈ ಪರೀಕ್ಷೆ ಬೇಕೇ ಬೇಕು. ಮೂಲ ಎಷ್ಟೇ ದೊಡ್ಡದಿರಲಿ, ಕನ್ನಡ ನಾಲಿಗೆಗೆ ಹೊರಳದಿದ್ದರೆ ಆ ಅನುವಾದ ಬಿಟ್ಟು ಬೇರೆಯದು ಹುಡುಕಿ.

ಮೂರನೆಯದು ಪ್ರಶ್ನೆಯ ಪರೀಕ್ಷೆ. ಸೂಚಿಸಿದವರು ಒಂದು ಪ್ರಶ್ನೆ ಹೇಳಬೇಕು. ಅದಕ್ಕೆ ಬಳಗದಲ್ಲಿ ಇಬ್ಬರು ಎರಡು ಥರ ಉತ್ತರ ಕೊಡುವಂತಿರಬೇಕು. "ಈ ಸಂತರಿಂದ ನಾವೇನು ಕಲಿಯಬಹುದು?" ಪ್ರಶ್ನೆಯೇ ಅಲ್ಲ, ಅದಕ್ಕೆ ಉತ್ತರ ಎಲ್ಲರಿಗೂ ಮೊದಲೇ ಗೊತ್ತು. "ಇವರು ಮನೆಯವರನ್ನು ಬಿಟ್ಟು ಹೋದದ್ದು ಸರಿಯಾ?" ಎಂಬುದು ಪ್ರಶ್ನೆ.

ಕಾಳು ಹಾಕಿ ಮತ

ಕೈ ಎತ್ತಿಸಬೇಡಿ. ಫಾದರ್ ಅಥವಾ ಹಿರಿಯರು ಯಾವುದಕ್ಕೆ ಕೈ ಎತ್ತುತ್ತಾರೋ ಎಲ್ಲರೂ ಅದಕ್ಕೇ ಎತ್ತುತ್ತಾರೆ. ನಾವು ಮೆಕ್ಕೆಜೋಳದ ಕಾಳು ಇಟ್ಟುಕೊಂಡಿದ್ದೇವೆ. ಮೂರು ಸ್ಟೀಲ್ ಲೋಟ, ಪ್ರತಿ ಲೋಟಕ್ಕೂ ಒಂದು ಪುಸ್ತಕದ ಹೆಸರಿನ ಚೀಟಿ. ಒಬ್ಬೊಬ್ಬರಿಗೆ ಮೂರು ಕಾಳು. ಮೂರನ್ನೂ ಒಂದೇ ಲೋಟಕ್ಕೆ ಹಾಕಬಹುದು, ಹಂಚಿಯೂ ಹಾಕಬಹುದು. ಲೋಟಗಳನ್ನು ಬಾಗಿಲ ಹಿಂದಿನ ಮೇಜಿನ ಮೇಲಿಟ್ಟರೆ ಯಾರು ಎಲ್ಲಿಗೆ ಹಾಕಿದರು ಅಂತ ಕಾಣುವುದಿಲ್ಲ. ಕಾಳು ಬಿದ್ದ ಟಣ್ ಸದ್ದು ಮಾತ್ರ ಕೇಳುತ್ತದೆ. ನಮ್ಮ ಫಾದರ್ ಸೂಚಿಸಿದ ಪುಸ್ತಕಕ್ಕೆ ಒಂದು ಸಲ ನಾಲ್ಕೇ ಕಾಳು ಬಿದ್ದವು. ಅವರೇ ಎಣಿಸಿ, ಗೆದ್ದ ಪುಸ್ತಕದ ಹೆಸರು ಓದಿದರು. ಅಂದಿನಿಂದ ಜನಕ್ಕೆ ಈ ಬಳಗ ತಮ್ಮದು ಅನಿಸಿತು.

ಎರಡನೇ ಸ್ಥಾನದ ಪುಸ್ತಕದ ಹೆಸರು ಬರೆದಿಡಿ. ಮೊದಲನೆಯದರ ಪ್ರತಿ ಸಿಗದಿದ್ದರೆ ಬೇಕಾಗುತ್ತದೆ.

ಪ್ರತಿ ಹೊಂದಿಸುವುದು

ಹೊಸ ಪುಸ್ತಕ ಎಲ್ಲರಿಗೂ ಕೊಳ್ಳಲಾಗದು. ಮನೆಗೆ ಒಂದು ಪ್ರತಿ, ಅಥವಾ ಇಬ್ಬರಿಗೆ ಒಂದು ಅಂತ ಹಂಚಿ. ಮೊದಲ ಹದಿನೈದು ದಿನ ಒಬ್ಬರದು, ಮುಂದಿನ ಹದಿನೈದು ಇನ್ನೊಬ್ಬರದು. ಬೆಂಗಳೂರು, ಮಂಗಳೂರಿಗೆ ಹೋಗುವವರಿಗೆ ಚೀಟಿ ಕೊಟ್ಟು ಕಳಿಸಿ. ಕಾದಂಬರಿ, ಕಾವ್ಯಕ್ಕೆ ನಗರ ಕೇಂದ್ರ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಿ. ಕಾನ್ವೆಂಟಿನ ಸಿಸ್ಟರ್‌ಗಳ ಕಪಾಟನ್ನೂ ಮರೆಯಬೇಡಿ. ಅಂಗಡಿಯಲ್ಲಿ ಸಿಗದ ಎಷ್ಟೋ ಹಳೆಯ ಸಂತರ ಚರಿತ್ರೆಗಳು ಅಲ್ಲಿ ಧೂಳು ಹಿಡಿದು ಕೂತಿರುತ್ತವೆ.

ಜೆರಾಕ್ಸ್ ಬಗ್ಗೆ ಒಂದು ಮಾತು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಕಾವ್ಯ ಈಗ ಎಲ್ಲರದ್ದು, ನಕಲು ತೆಗೆಯಬಹುದು. ನಾ. ಡಿಸೋಜರದು ಹಾಗಲ್ಲ, ಕೊಂಡೇ ಓದಬೇಕು. ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ತೆರೇಸಾ ತೀರಿಕೊಂಡು ನೂರು ವರ್ಷ ದಾಟಿದ್ದರೂ ಅವರ ಹೊಸ ಅನುವಾದವನ್ನು ನಕಲು ಮಾಡುವಂತಿಲ್ಲ. ದೇವಾಲಯದ ಕೋಣೆಯಲ್ಲಿ ಕಳ್ಳ ಪ್ರತಿ ಹಂಚಿ ಓದುವುದು ನನಗಂತೂ ಮನಸ್ಸಿಗೆ ಒಪ್ಪುವುದಿಲ್ಲ.

ಬೈಬಲಿನ ಗ್ರಂಥ ಆರಿಸಿದರೆ ಇನ್ನೊಂದು ಎಚ್ಚರ. ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳಿವೆ. 66 ಇರುವ ಮುದ್ರಣಗಳೂ ಅಂಗಡಿಯಲ್ಲಿ ಸಿಗುತ್ತವೆ, ನೋಡಲು ಒಂದೇ ಥರ. ನಾವು ತೋಬಿತನ ಗ್ರಂಥ ಆರಿಸಿದ ತಿಂಗಳು ಇಬ್ಬರು ಮನೆಯಲ್ಲಿ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಅವರದು 66ರದ್ದಾಗಿತ್ತು. ಪರಿವಿಡಿಯಲ್ಲಿ ತೋಬಿತ, ಯೂದಿತ, ಮಕ್ಕಬಿಯರು ಇದ್ದಾರಾ ಅಂತ ಮೊದಲೇ ನೋಡಿಕೊಳ್ಳಲು ಹೇಳಿ.

ಓದಲು ಬಾರದವರು, ಕಣ್ಣು ಮಂಜಾದವರು ಬಳಗದಿಂದ ಹೊರಗಲ್ಲ. ನಮ್ಮಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಪ್ರತಿ ತಿಂಗಳ ಪುಸ್ತಕವನ್ನು ದಿನಕ್ಕೆ ನಾಲ್ಕೈದು ಪುಟದಂತೆ ಪಕ್ಕದ ಮನೆ ಅಜ್ಜಿಗೆ ಓದಿ ಹೇಳುತ್ತಾಳೆ. ಸಭೆಯಲ್ಲಿ ಎಲ್ಲರಿಗಿಂತ ಜಾಸ್ತಿ ನೆನಪಿಟ್ಟುಕೊಂಡು ಬರುವವರು ಆ ಅಜ್ಜಿ.

ಪುಸ್ತಕ ಬಾಯಿ ಬಿಡಿಸಿದ ದಿನ

ತೋಬಿತನ ಗ್ರಂಥ 14 ಅಧ್ಯಾಯ. ದೇವದೂತ ರಫಾಯೇಲ, ದೂರದ ಪ್ರಯಾಣ, ಮೀನಿನ ಪಿತ್ತ, ಹಿಂದೆ ಬರುವ ನಾಯಿ ಎಲ್ಲ ಇದೆ. ಆದರೆ ನಮ್ಮ ಬಳಗ ನಿಂತದ್ದು ಎರಡನೇ ಅಧ್ಯಾಯದಲ್ಲಿ.

ತೋಬಿತ ಧರ್ಮಿಷ್ಠ. ಅವನ ಕಣ್ಣಿಗೆ ಗುಬ್ಬಿ ಹಿಕ್ಕೆ ಬಿದ್ದು ಕುರುಡನಾಗುತ್ತಾನೆ. ಹೆಂಡತಿ ಅನ್ನಾ ನೇಯ್ಗೆ ಕೆಲಸಕ್ಕೆ ಹೋಗುತ್ತಾಳೆ. ಒಂದು ದಿನ ಯಜಮಾನರು ಕೂಲಿಯ ಜೊತೆಗೆ ಒಂದು ಮೇಕೆಮರಿಯನ್ನೂ ಕೊಡುತ್ತಾರೆ. ಮನೆಯಲ್ಲಿ ಮರಿ ಅರಚಿದ ಸದ್ದು ಕೇಳಿ ತೋಬಿತ ಕೇಳುತ್ತಾನೆ: ಎಲ್ಲಿಂದ ಬಂತು? ಕದ್ದದ್ದಾ? ವಾಪಸ್ ಕೊಡು. ಕೊಟ್ಟದ್ದು ಅಂದರೂ ನಂಬುವುದಿಲ್ಲ. ಆಗ ಅವಳು ತಿರುಗಿ ಬೀಳುತ್ತಾಳೆ. ನಿನ್ನ ದಾನಧರ್ಮ ಎಲ್ಲಿ ಹೋಯಿತು ಈಗ ಅನ್ನುತ್ತಾಳೆ.

ನಮ್ಮ ಊರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಮಿಲ್ಲುಗಳ ಊರು. ಮಿಲ್ಲು ಮುಚ್ಚಿದಾಗ ಎಷ್ಟೋ ಮನೆಯ ಗಂಡಸರು ಕೆಲಸ ಕಳೆದುಕೊಂಡರು. ಆ ಪುಟ ಓದಿ ಮುಗಿಸಿದ ಮೇಲೆ ಒಬ್ಬರು ಬಾಯಿ ತೆರೆದರು. ಮೊದಲ ತಿಂಗಳು ನಾಚಿಕೊಂಡು ಬಿಟ್ಟು ಹೋಗಿದ್ದರಲ್ಲ, ಅದೇ ಅಮ್ಮ. "ನಮ್ಮನೆಯವ್ರದ್ದು ಮಿಲ್ ಕೆಲ್ಸ ಹೋತು. ನಾನು ಮಿಷನ್ ಹೊಲ್ಯಾಕ ಕುಂತೆ. ಸಂಜಿಗೆ ದುಡ್ಡು ತಂದು ಕೊಟ್ರೆ, ಎಲ್ಲಿಂದ ತಂದಿ ಅಂತ ಕೇಳೋರು. ಮೂವತ್ತು ವರ್ಷ ಆತು. ಈ ಮಾತು ಯಾರ ಹತ್ರನೂ ಹೇಳಿರ್ಲಿಲ್ಲ."

ಯಾರೂ ಏನೂ ಹೇಳಲಿಲ್ಲ. ಪಕ್ಕದಲ್ಲಿ ಕೂತವರು ಅವರ ಕೈ ಹಿಡಿದುಕೊಂಡರು. ಅವತ್ತಿನ ಉಳಿದ ಪ್ರಶ್ನೆಗಳನ್ನು ನಾವು ಕೇಳಲೇ ಇಲ್ಲ.

ಹಾಗಾಗಿ ಪ್ರಶ್ನೆ ತಯಾರು ಮಾಡುವಾಗ ಮೂರು ನಾಲ್ಕು ಸಾಕು. ಒಂದು, ಪುಸ್ತಕದ ನಿರ್ದಿಷ್ಟ ಪುಟದ ಮೇಲೆ. ಇನ್ನೊಂದು, ಪಾತ್ರ ಮಾಡಿದ್ದು ಸರಿಯಾ ತಪ್ಪಾ ಎಂಬುದರ ಮೇಲೆ. ಮತ್ತೊಂದು, ನಮ್ಮ ಬದುಕಿಗೆ ಹತ್ತಿರದ್ದು. ಮೂರನೆಯದನ್ನು ಯಾರ ಹೆಸರನ್ನೂ ಕರೆದು ಕೇಳಬೇಡಿ. ಕೋಣೆಯಲ್ಲಿ ಹೇಳಿದ ಮನೆಯ ಮಾತು ಹೊರಗೆ ಹೋಗಬಾರದು ಎಂದು ಮೊದಲ ದಿನವೇ ಎಲ್ಲರೂ ಒಪ್ಪಿಕೊಳ್ಳಿ.

ಹಿಡಿಸದ ಪುಸ್ತಕ

ಎಷ್ಟು ನೋಡಿ ಆರಿಸಿದರೂ ವರ್ಷಕ್ಕೆ ಎರಡು ಮೂರು ಪುಸ್ತಕ ಹಿಡಿಸುವುದಿಲ್ಲ. ತಿಂಗಳ ಮಧ್ಯದಲ್ಲಿ ಒಬ್ಬರು ಎಲ್ಲರಿಗೂ ಫೋನ್ ಮಾಡಿ ಎಷ್ಟು ಪುಟ ಆಯಿತು ಅಂತ ಕೇಳಲಿ. ಅರ್ಧಕ್ಕಿಂತ ಜಾಸ್ತಿ ಜನ ಇಪ್ಪತ್ತು ಪುಟವೂ ದಾಟಿಲ್ಲ ಅಂದರೆ, ಎಲ್ಲರೂ ಓದಬೇಕಾದ ಒಂದು ಅಧ್ಯಾಯವನ್ನು ಗುರುತಿಸಿ, ಅದಿಷ್ಟೇ ಓದಿ ಬನ್ನಿ ಎಂದು ಹೇಳಿ. ಓದದೆಯೂ ಬರಬಹುದು ಎಂಬುದನ್ನು ಪ್ರತಿ ಸಲ ಬಾಯಿಬಿಟ್ಟು ಹೇಳಿ. ಯಾಕೆ ಹಿಡಿಸಲಿಲ್ಲ ಎಂಬುದನ್ನೇ ಆ ದಿನದ ಮಾತು ಮಾಡಿ. ನಮ್ಮ ಒಳ್ಳೆಯ ಸಭೆಗಳಲ್ಲಿ ಒಂದು ನಡೆದದ್ದು ಹಾಗೆಯೇ.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಪುಸ್ತಕದ ಹೆಸರು, ಎಷ್ಟು ಜನ ಮುಗಿಸಿದರು, ಯಾವ ಪುಟದಲ್ಲಿ ಮಾತು ಶುರುವಾಯಿತು, ಇಷ್ಟು ಬರೆದರೆ ಸಾಕು. ವರ್ಷ ಕಳೆದ ಮೇಲೆ ಅದನ್ನು ತಿರುವಿದರೆ ನಿಮ್ಮ ಬಳಗಕ್ಕೆ ಯಾವುದು ಒಗ್ಗುತ್ತದೆ ಎಂಬುದು ಅಲ್ಲೇ ಕಾಣುತ್ತದೆ. ನಮ್ಮ ನೋಟ್‌ಬುಕ್ಕಿನ ಈ ಆಗಸ್ಟಿನ ಪುಟದಲ್ಲಿ ಮತ್ತೆ ಸಂತ ಅಗಸ್ಟೀನರ ಹೆಸರಿದೆ. 28ಕ್ಕೆ ಅವರ ಹಬ್ಬ, ಹಿಂದಿನ ದಿನ ತಾಯಿ ಮೋನಿಕಾರದು. ಈ ಸಲ ಪೂರ್ತಿ ಗ್ರಂಥ ಅಲ್ಲ. ಮಿಲಾನಿನ ತೋಟದಲ್ಲಿ "ತೆಗೆದುಕೊಂಡು ಓದು" ಎಂಬ ಮಗುವಿನ ದನಿ ಕೇಳುವ ಎಂಟನೇ ಭಾಗ, ತಾಯಿ ತೀರಿಕೊಳ್ಳುವ ಒಂಬತ್ತನೇ ಭಾಗ, ಎರಡೇ. ಕೆಲವು ಪುಟಗಳನ್ನು ನಾವೇ ಕನ್ನಡಕ್ಕೆ ಮಾಡಿಕೊಂಡಿದ್ದೇವೆ. ಸೂಚಿಸಿದವರು ಆ ಅಮ್ಮನೇ. ಅವರ ಲೋಟಕ್ಕೆ ಬಿದ್ದ ಕಾಳು ಹತ್ತೊಂಬತ್ತು.